ಮುಂಬಯಿ: ಕಡಲಿನಿಂದ ಕಡ ತಂದ ನೆಲ

ಪಟ್ಟಣಗಳ ಚರಿತ್ರೆಯನ್ನು ಹೇಳುವವರು ಒಬ್ಬ ಅರಸನ ಹೆಸರಿನಿಂದಲೋ ಒಂದು ಕೋಟೆಯ ಶಂಕುಸ್ಥಾಪನೆಯಿಂದಲೋ ಮೊದಲುಮಾಡುವುದು ವಾಡಿಕೆ. ವಿಜಯನಗರವೆಂದರೆ ಹರಿಹರ ಬುಕ್ಕರನ್ನು ನೆನೆಯುತ್ತೇವೆ. ಬೆಂಗಳೂರೆಂದರೆ ಕೆಂಪೇಗೌಡನನ್ನು ನೆನೆಯುತ್ತೇವೆ. ನಮ್ಮ ಹಿರಿಯರು ಬೊಂಬಾಯಿ ಎಂದು ಕರೆಯುತ್ತಿದ್ದ ಮುಂಬಯಿಯ ವಿಷಯದಲ್ಲಿ ಈ ಕ್ರಮ ಸಾಗುವುದಿಲ್ಲ. ಆ ಪಟ್ಟಣವನ್ನು ಕಟ್ಟಿಸಿದ ಅರಸನೊಬ್ಬನಿಲ್ಲ. ಅದಿರಲಿ, ಕಟ್ಟುವುದಕ್ಕೆ ತಕ್ಕಷ್ಟು ನೆಲವೇ ಅಲ್ಲಿರಲಿಲ್ಲ. ಮೊದಲು ನೆಲವನ್ನು ಮಾಡಿಕೊಂಡು, ಆಮೇಲೆ ಅದರ ಮೇಲೆ ಊರನ್ನು ಕಟ್ಟಬೇಕಾಯಿತು. ಅಲ್ಲಿಗೆ ಹೋದವರು ಬೆರಗಾಗಿ ನೋಡುವ ಬೀದಿಗಳಲ್ಲಿಯೂ ಕಟ್ಟಡಗಳಲ್ಲಿಯೂ ಎಷ್ಟೋ ಒಂದು ಕಾಲಕ್ಕೆ ಮೀನುಗಳು ಆಡುತ್ತಿದ್ದ ನೀರಿನ ಮೇಲೆ ನಿಂತಿವೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಊರನ್ನು ಸುತ್ತಿದರೆ, ಅಲ್ಲಿನ ವೈಭವದ ಜೊತೆಗೆ ಅದರ ಬೆಲೆಯೂ ಕಣ್ಣಿಗೆ ಬೀಳುತ್ತದೆ.

ಮೊದಲು ಅಲ್ಲಿದ್ದುದು ಏಳು ನಡುಗಡ್ಡೆಗಳು. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಝಗಾಂವ್, ಪರಳ್, ವರಳಿ, ಮಾಹೀಮ್ ಎಂದು ಅವುಗಳ ಹೆಸರು. ಉಬ್ಬರದ ವೇಳೆಯಲ್ಲಿ ಅವುಗಳ ನಡುವೆ ಕಡಲು ಹರಿಯುತ್ತಿದ್ದಿತು. ಇಳಿತದ ವೇಳೆಯಲ್ಲಿ ನೀರೂ ಅಲ್ಲದ ನೆಲವೂ ಅಲ್ಲದ ಕೆಸರು ಉಳಿಯುತ್ತಿದ್ದಿತು. ತೆಂಗು, ಬತ್ತ, ಮೀನು, ಇವೇ ಅಲ್ಲಿನ ಸಂಪತ್ತು. ಕೋಲಿ ಎಂಬ ಬೆಸ್ತ ಜನರು ಅಲ್ಲಿ ವಾಸವಾಗಿದ್ದರು. ಅವರು ನಡೆದುಕೊಳ್ಳುವ ಮುಂಬಾದೇವಿಯ ಹೆಸರೇ ಊರಿಗೆ ನಿಂತಿತು. ಆ ಪ್ರಾಂತ್ಯವನ್ನು ಆಳಿದ ಉತ್ತರ ಕೊಂಕಣದ ಶಿಲಾಹಾರರು ಬಹುಕಾಲ ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರೆಂಬುದನ್ನು ಕನ್ನಡಿಗರು ಮರೆಯಬೇಕಾದುದಿಲ್ಲ. ಆದರೆ ಅವರ ಕಾಲದಲ್ಲಿ ಠಾಣೆ, ಸೋಪಾರಗಳೇ ಹೆಸರಾದ ಬಂದರುಗಳು. ಈ ನಡುಗಡ್ಡೆಗಳನ್ನು ಕೇಳುವವರಿರಲಿಲ್ಲ.

೧೫೩೪ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಷಹನು ಇವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ೧೬೬೧ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಗೂ ಇಂಗ್ಲೆಂಡಿನ ದೊರೆ ಎರಡನೆಯ ಚಾರಲ್ಸನಿಗೂ ಮದುವೆಯಾಗಲು ಒಪ್ಪಂದವಾದಾಗ ಮುಂಬಯಿ ವರನ ಕಡೆಗೆ ಬಳುವಳಿಯಾಗಿ ಬಂದಿತು. ದೊರೆಗೆ ಅದರಿಂದ ಲಾಭಕ್ಕಿಂತ ವೆಚ್ಚವೇ ಹೆಚ್ಚೆಂದು ತೋರಿ, ೧೬೬೮ರಲ್ಲಿ ವರ್ಷಕ್ಕೆ ಹತ್ತು ಪೌಂಡು ಗುತ್ತಿಗೆಗೆ ಈಸ್ಟ್ ಇಂಡಿಯಾ ಕಂಪೆನಿಯವರಿಗೆ ವಹಿಸಿದನು. ಆ ವರ್ತಕರ ಕಣ್ಣು ಬಿದ್ದದ್ದು ನೆಲದ ಮೇಲಲ್ಲ, ನಡುಗಡ್ಡೆಗಳ ಪೂರ್ವಕ್ಕೆ ಹರಡಿದ್ದ ನೀರಿನ ಮೇಲೆ. ಪಡುವಣ ಕರಾವಳಿಯಲ್ಲಿ ಮುಂಗಾರಿನ ಹೊಡೆತಕ್ಕೆ ಸಿಕ್ಕದೆ ದೊಡ್ಡ ಹಡಗುಗಳು ನಿಲ್ಲಬಹುದಾದಂತಹ ಆಳವಾದ ಬಂದರುಗಳು ಬಲು ವಿರಳ. ಇಲ್ಲಿ ನಡುಗಡ್ಡೆಗಳೇ ಬೆನ್ನುಕೊಟ್ಟು ಅರಬ್ಬೀ ಸಮುದ್ರದ ಗಾಳಿಯನ್ನು ತಡೆಯುತ್ತಿದ್ದುವು.

ಕಂಪೆನಿಯ ಎರಡನೆಯ ಗವರ್ನರನಾದ ಜೆರಾಲ್ಡ್ ಆಂಜಿಯರನು ವಿವೇಕಿ. ಧರ್ಮಕರ್ಮಗಳಿಗೆ ಅಡ್ಡಿಯಿಲ್ಲವೆಂದು ಭರವಸೆಯಿತ್ತು ವರ್ತಕರನ್ನೂ ಕಸಬುದಾರರನ್ನೂ ಆತನು ಕರೆತಂದನು. ಗುಜರಾತಿನಿಂದ ಬನಿಯರು, ಪಾರಸಿಗಳು, ಬೋಹ್ರಾ ಮುಸಲ್ಮಾನರು ಬಂದು ಸೇರಿದರು. ೧೭೩೬ರಲ್ಲಿ ಸೂರತಿನಿಂದ ಬಂದ ಲವಜಿ ನಸರ್ವಾನಜಿ ವಾಡಿಯಾ ಎಂಬ ಪಾರಸಿ ಬಡಗಿಯ ಮನೆತನವು ತಲೆತಲಾಂತರವಾಗಿ ಅಲ್ಲಿ ಹಡಗುಗಳನ್ನು ಕಟ್ಟಿತು. ಮಲಬಾರಿನ ಮತ್ತು ಕನ್ನಡ ಜಿಲ್ಲೆಯ ಕಾಡುಗಳ ತೇಗವು ಅಲ್ಲಿ ಯುದ್ಧನೌಕೆಯಾಗುತ್ತಿದ್ದಿತು. ೧೮೪೨ರಲ್ಲಿ ಚೀನಾ ದೇಶವು ಇಂಗ್ಲಿಷರಿಗೆ ಹಾಂಗ್‌ಕಾಂಗನ್ನು ಒಪ್ಪಿಸಿ ನಾನ್‌ಕಿಂಗ್ ಕೌಲಿಗೆ ರುಜು ಹಾಕಿದುದು ಮುಂಬಯಿಯಲ್ಲಿ ಕಟ್ಟಿದ ‘ಕಾರ್ನ್‌ವಾಲಿಸ್’ ಎಂಬ ಹಡಗಿನ ಮೇಲೆ. ೧೮೧೭ರಲ್ಲಿ ಅಲ್ಲಿಯೇ ನೀರಿಗಿಳಿದ ‘ಟ್ರಿಂಕೊಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿದರೂ ಕೊಳೆಯದ ಆ ಮರವನ್ನು ನೋಡಿದವರು ನಮ್ಮ ಕಾಡುಗಳನ್ನೂ ಆ ಬಡಗಿಗಳನ್ನೂ ಒಟ್ಟಿಗೆ ನೆನೆಯಬೇಕು.

ಇನ್ನು ನೆಲದ ಕಥೆಗೆ ಬರೋಣ. ಮಹಾಲಕ್ಷ್ಮಿ ಮತ್ತು ವರಳಿಗಳ ನಡುವೆ ಒಂದು ದೊಡ್ಡ ಕಂಡಿಯಿದ್ದಿತು. ಉಬ್ಬರ ಬಂದಾಗಲೆಲ್ಲ ಕಡಲು ಆ ಕಂಡಿಯಲ್ಲಿ ನುಗ್ಗಿ ನಡುಗಡ್ಡೆಗಳ ಮಧ್ಯದ ತಗ್ಗನ್ನೆಲ್ಲಾ ತುಂಬುತ್ತಿದ್ದಿತು. ಅದನ್ನು ಮುಚ್ಚದೆ ಊರು ಬೆಳೆಯುವಂತಿರಲಿಲ್ಲ. ೧೭೭೧ರಿಂದ ೧೭೮೪ರವರೆಗೆ ಗವರ್ನರನಾಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರಿನಲ್ಲಿ ‘ಹಾರ್ನ್‌ಬಿ ವೆಲ್ಲಾರ್ಡ್’ ಎಂಬ ಒಡ್ಡು ಎದ್ದಿತು. ಇದರ ಬಗೆಗೆ ಎರಡು ಕಥೆಗಳುಂಟು. ಲಂಡನ್ನಿನ ಡೈರೆಕ್ಟರರು ಈ ವೆಚ್ಚಕ್ಕೆ ಒಪ್ಪಲಿಲ್ಲವೆಂದೂ, ಅವರ ನಿಷೇಧದ ಕಾಗದವನ್ನು ಹಾರ್ನ್‌ಬಿ ಮೇಜಿನೊಳಗೆ ಬಚ್ಚಿಟ್ಟು ಕೆಲಸ ಮುಗಿಸಿದನೆಂದೂ ಒಂದು ಕಥೆ. ಕಟ್ಟಿದ ಒಡ್ಡು ಮತ್ತೆ ಮತ್ತೆ ಕುಸಿಯುತ್ತಿರಲು, ರಾಮಜಿ ಶಿವಜಿ ಎಂಬ ಪ್ರಭು ಜಾತಿಯ ಎಂಜಿನಿಯರನ ಕನಸಿನಲ್ಲಿ ದೇವಿ ಕಾಣಿಸಿಕೊಂಡು, ಕಡಲಿನಲ್ಲಿ ಮುಳುಗಿರುವ ತನ್ನ ಮೂರ್ತಿಯನ್ನು ಮೇಲೆತ್ತಿದರೆ ಒಡ್ಡು ನಿಲ್ಲುವುದೆಂದು ಅಪ್ಪಣೆಕೊಡಿಸಿದಳೆಂದು ಇನ್ನೊಂದು ಕಥೆ. ಮಹಾಲಕ್ಷ್ಮಿಯ ಗುಡಿ ಆ ಒಡ್ಡಿನ ಸಮೀಪದಲ್ಲಿಯೇ ಇದೆ. ಎರಡೂ ಕೇಳುವುದಕ್ಕೆ ಸೊಗಸಾಗಿವೆ. ಎರಡನ್ನೂ ಚರಿತ್ರೆಯೆಂದು ಎಣಿಸುವಂತಿಲ್ಲ. ಆದರೆ ನನಗೆ ತೋರುವ ವಿಶೇಷವೊಂದುಂಟು. ಗವರ್ನರನಿಗೊಂದು ಕಥೆ ಹುಟ್ಟಿತು, ಎಂಜಿನಿಯರನಿಗೊಂದು ಕಥೆ ಹುಟ್ಟಿತು. ಕಲ್ಲುಮಣ್ಣುಗಳ ಬುಟ್ಟಿಯನ್ನು ಹೊತ್ತವರಿಗೆ ಕಥೆಯೇ ಹುಟ್ಟಲಿಲ್ಲ. ಅಂತಹವರ ಗುರುತಾಗಿ ಆ ಊರಿನಲ್ಲಿ ಉಳಿದಿರುವುದು ಒಂದು ಕೇರಿಯ ಹೆಸರು. ಒಡ್ಡು ಕಟ್ಟಿದ ಮೇಲೆ ಮೇಲೆದ್ದ ತಗ್ಗುನೆಲದಲ್ಲಿ, ನಿಜಾಮರ ಸೀಮೆಯಿಂದ ಕಟ್ಟಡದ ಕೂಲಿಗೆಂದು ಬಂದ ತೆಲುಗು ಕಾಮಾಠಿಗಳು ನೆಲೆಸಿದರು, ಅದು ಕಾಮಾಠಿಪುರವಾಯಿತು. ಮುಂದೆ ಆ ಹೆಸರು ಬೇರೊಂದು ಕಾರಣದಿಂದ ಕುಖ್ಯಾತಿಗೆ ಗುರಿಯಾದುದು ಆ ಶ್ರಮಜೀವಿಗಳ ದುರದೃಷ್ಟ.

ಅಲ್ಲಿಂದ ಮುಂದೆ ಒಂದೊಂದಾಗಿ ಕಂಡಿಗಳು ಮುಚ್ಚಿದುವು. ೧೮೩೮ರಲ್ಲಿ ಕೊಲಾಬಾದ ದಾರಿ ಆಯಿತು. ೧೮೪೫ರಲ್ಲಿ ಮಾಹೀಮಿನಿಂದ ಬಾಂದ್ರಾಕ್ಕೆ ಸೇತುದಾರಿಯಾಯಿತು. ಸರಕಾರವು ಹಣವಿಲ್ಲವೆಂದಾಗ ಅದಕ್ಕೆ ತನ್ನ ಹಣವನ್ನು ಕೊಟ್ಟವಳು ಜಮ್‌ಶೇಟ್‌ಜೀ ಜೀಜೀಭಾಯಿಯವರ ಪತ್ನಿ ಆವಾಬಾಯಿ. ೧೮೫೩ನೆಯ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಠಾಣೆಗೆ ೨೧ ಮೈಲಿ ದೂರ ಹಿಂದೂಸ್ಥಾನದ ಮೊದಲನೆಯ ಪ್ರಯಾಣಿಕರ ರೈಲು ಓಡಿತು. ಮರುವರ್ಷವೇ ಕಾವಸಜಿ ದಾವರ್ ಎಂಬ ಪಾರಸಿ ಗೃಹಸ್ಥನು ಮುಂಬಯಿಯ ಮೊದಲನೆಯ ನೂಲಿನ ಗಿರಣಿಯ ಕಂಪೆನಿಯನ್ನು ಸ್ಥಾಪಿಸಿದನು.

ಇಷ್ಟಾದರೂ ಆ ಊರಿಗೆ ಹುಚ್ಚು ಹಿಡಿಸುವಂತಹ ಐಶ್ವರ್ಯ ಬಂದುದು ದೂರದ ಅಮೆರಿಕೆಯ ಅಂತರ್ಯುದ್ಧದಿಂದ. ೧೮೬೧ರಲ್ಲಿ ಅಮೆರಿಕೆಯ ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಬಿದ್ದು, ಲ್ಯಾಂಕಷೈರಿನ ಗಿರಣಿಗಳಿಗೆ ಅರಳೆ ಬರುವುದು ನಿಂತಿತು. ಎಲ್ಲರ ಕಣ್ಣೂ ಮುಂಬಯಿಯ ಕಡೆಗೆ ತಿರುಗಿತು. ಇಲ್ಲಿ ನಮ್ಮ ನಾಡಿನ ಪಾತ್ರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬೆಳೆದ ಹತ್ತಿ ಎತ್ತುಗಳ ಬೆನ್ನ ಮೇಲೆಯೂ ಬಂಡಿಗಳಲ್ಲಿಯೂ ಘಟ್ಟವನ್ನಿಳಿದು ಕುಮಟೆಗೆ ಬರುತ್ತಿದ್ದಿತು. ಕುಮಟೆಯಿಂದ ಮಚವೆಗಳಲ್ಲಿ ಮುಂಬಯಿಗೆ ಹೋಗುತ್ತಿದ್ದಿತು. ಬೆಳೆದ ಹೊಲದ ಹೆಸರು ದಾರಿಯಲ್ಲಿ ಕಳೆದುಹೋಗಿ, ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಇಂಗ್ಲೆಂಡಿನ ದಲ್ಲಾಳಿಗಳ ಬಾಯಲ್ಲಿ ನಮ್ಮ ಒಂದು ಸಣ್ಣ ಬಂದರಿನ ಹೆಸರು ದಿನವೂ ಆಡುತ್ತಿದ್ದಿತೆಂದರೆ ಇಂದು ಕುಮಟೆಯವರೇ ನಂಬಲಾರರು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನ ಆಧಿಪತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದುದಕ್ಕೆ, ಕಾರವಾರವನ್ನು ಹತ್ತಿಯ ಬಂದರಾಗಿ ಮಾಡಬೇಕೆಂಬ ವರ್ತಕರ ಒತ್ತಾಯವೂ ಒಂದು ಕಾರಣ. ಕನ್ನಡ ಕರಾವಳಿಯು ಎರಡು ತುಂಡಾಗಿ, ೧೯೫೬ರವರೆಗೆ ಒಂದು ತುಂಡು ಮುಂಬಯಿಯನ್ನೂ ಇನ್ನೊಂದು ಮದರಾಸನ್ನೂ ನೋಡುವಂತಾಯಿತು.

ಹಣ ಬಂದಿತು. ಬಂದ ಹಣವನ್ನು ಏನು ಮಾಡಬೇಕೆಂಬುದೇ ತಿಳಿಯದಂತಾಯಿತು. ಬ್ಯಾಂಕುಗಳು, ಸಾಲದ ಕಂಪೆನಿಗಳು, ಕಡಲನ್ನು ತೂರಿ ನೆಲ ಮಾಡುವ ಕಂಪೆನಿಗಳು ಮಳೆಗಾಲದ ಅಣಬೆಗಳಂತೆ ಎದ್ದುವು. ಇನ್ನೂ ನೀರಾಗಿಯೇ ಇದ್ದ ನೆಲದ ಷೇರುಗಳು ಮುಖಬೆಲೆಯ ಎಷ್ಟೋ ಪಾಲು ಹೆಚ್ಚಿಗೆ ಮಾರಿದುವು. ಈ ಆಟದ ಸೂತ್ರಧಾರನು ಪ್ರೇಮಚಂದ ರಾಯಚಂದ ಎಂಬ ಜೈನ ದಲ್ಲಾಳಿ. ಬ್ಯಾಂಕಿನ ಅಧಿಕಾರಿಗಳೂ ಅವನ ಮಾತಿಗೆ ಕಾಯುತ್ತಿದ್ದರು. ೧೮೬೫ರ ವಸಂತದಲ್ಲಿ ಅಮೆರಿಕೆಯ ಯುದ್ಧ ಮುಗಿದ ವಾರ್ತೆ ಬಂದಿತು. ಅರಳೆಯ ಬೆಲೆ ಇಳಿಯಿತು, ಷೇರುಗಳು ಕಾಗದವಾದುವು, ಪ್ರೇಮಚಂದನೂ ಮುಳುಗಿದನು, ಬಾಂಬೆ ಬ್ಯಾಂಕೂ ಕೆಲವೇ ವರ್ಷಗಳಲ್ಲಿ ಮುಚ್ಚಿತು. ೧೮೬೪ರಲ್ಲಿ ೮,೧೬,೫೬೨ ಇದ್ದ ಊರಿನ ಜನಸಂಖ್ಯೆಯು ೧೮೭೨ರ ಖಾನೇಷುಮಾರಿಯಲ್ಲಿ ೬,೪೪,೪೦೫ಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವೆ ಎಷ್ಟು ಮಂದಿ ಬರಿಗೈಯಲ್ಲಿ ಊರಿಗೆ ಮರಳಿದರೋ!

ಆದರೂ ಆ ನಾಲ್ಕು ವರ್ಷಗಳ ಹಣವೇ ಮುಂಬಯಿಯ ಮುಖವನ್ನು ರೂಪಿಸಿತು. ಗವರ್ನರ್ ಸರ್ ಬಾರ್ಟಲ್ ಫ್ರಿಯರನು ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿದನು. ಸೇಂಟ್ ಥಾಮಸ್ ದೇವಾಲಯದ ಕಡೆಗಿದ್ದ ಬಾಗಿಲಿಗೆ ಚರ್ಚ್‌ಗೇಟ್ ಎಂದು ಹೆಸರು. ಬಾಗಿಲು ಹೋಗಿ ನೂರೈವತ್ತು ವರ್ಷಕ್ಕೆ ಮೇಲಾದರೂ, ದಿನವೂ ಲಕ್ಷಾಂತರ ಜನರು ಆ ಇಲ್ಲದ ಬಾಗಿಲಿನ ಹೆಸರಿನ ನಿಲ್ದಾಣದಲ್ಲಿ ರೈಲನ್ನಿಳಿಯುತ್ತಾರೆ. ಗೋಡೆ ಬಿದ್ದ ಮೇಲೆ ತೆರವಾದ ಬಯಲಿನ ಅಂಚಿನಲ್ಲಿ ವಿಶ್ವವಿದ್ಯಾನಿಲಯ, ಉಚ್ಚ ನ್ಯಾಯಾಲಯ, ಸೆಕ್ರೆಟೇರಿಯಟ್ಟುಗಳು ಸಾಲಾಗಿ ಎದ್ದುವು. ೨೮೦ ಅಡಿ ಎತ್ತರದ ರಾಜಾಬಾಯಿ ಗೋಪುರವು ೧೮೭೮ರಲ್ಲಿ ಮುಗಿಯಿತು. ರಾಜಾಬಾಯಿ ಎಂದರೆ ಪ್ರೇಮಚಂದನ ತಾಯಿ. ಮಗನು ದಿವಾಳಿಯಾಗುವುದಕ್ಕೆ ಮುಂಚೆ ಕೊಟ್ಟ ದಾನ ಅದು. ಅವನ ಸಂಪತ್ತು ಕರಗಿದ ಮೇಲೆ ಗೋಪುರ ಮೇಲೆದ್ದಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಎಷ್ಟೋ ಮಂದಿ ಕನ್ನಡಿಗರು, ನಮ್ಮಲ್ಲಿಯೇ ವಿಶ್ವವಿದ್ಯಾನಿಲಯವಾಗುವವರೆಗೆ, ಈ ಗೋಪುರದ ನೆರಳಿನಿಂದಲೇ ಪದವಿಯನ್ನು ಪಡೆದರು. ಆ ಪದವಿಪತ್ರಗಳ ಹಿಂದೆ ಧಾರವಾಡದ ಹತ್ತಿಯ ಒಂದು ಎಳೆ ಇದ್ದೇ ಇದೆಯೆಂದರೆ ತಪ್ಪಾಗದು.

ಸ್ಟೀವನ್ಸ್ ಎಂಬ ಶಿಲ್ಪಿಯ ಯೋಜನೆಯಂತೆ ೧೮೭೮ರಲ್ಲಿ ಆರಂಭವಾಗಿ ೧೮೮೮ರಲ್ಲಿ ಮುಗಿದ ವಿಕ್ಟೋರಿಯಾ ಟರ್ಮಿನಸ್ಸನ್ನು ನೋಡದೆ ಮುಂಬಯಿಯನ್ನು ನೋಡಿದೆನೆನ್ನುವಂತಿಲ್ಲ. ೧೯೯೬ರಿಂದ ಅದಕ್ಕೆ ಛತ್ರಪತಿ ಶಿವಾಜಿಯ ಹೆಸರು. ಗುಮ್ಮಟವನ್ನು ಮಾತ್ರ ನೋಡಿ ಬರಬಾರದು. ಕಂಬಗಳ ತಲೆಗಳಲ್ಲಿ, ಕಮಾನುಗಳ ಸಂದುಗಳಲ್ಲಿ ಕಲ್ಲಿನ ಎಲೆ, ಹಕ್ಕಿ, ಪ್ರಾಣಿಗಳಿವೆ. ಅವು ಜೆ. ಜೆ. ಚಿತ್ರಕಲಾ ಶಾಲೆಯ ವಿದ್ಯಾರ್ಥಿಗಳ ಕೈಕೆಲಸ. ಪರದೇಶದ ಮಾದರಿಯ ಕಟ್ಟಡದಲ್ಲಿ ನಮ್ಮ ತೋಟದ ಜೀವಜಂತುಗಳನ್ನು ಹೊಗಿಸಿದ ಆ ಕೈಗಳಿಗೆ ನಾನಂತೂ ಶಿಲ್ಪಿಗಿಂತ ಹೆಚ್ಚಾಗಿ ತಲೆಬಾಗುತ್ತೇನೆ.

ಇಷ್ಟು ಚಂದದ ಮುಖದ ಹಿಂದೆ ಬೆನ್ನು ಹೇಗಿದ್ದಿತು? ೧೮೭೫ರಲ್ಲಿ ಸಸೂನ್ ಹಡಗುಕಟ್ಟೆ, ೧೮೮೦ರಲ್ಲಿ ಪ್ರಿನ್ಸಸ್ ಹಡಗುಕಟ್ಟೆ ಆದುವು. ಗಿರಣಿಗಳ ಹೊಗೆಕೊಳವೆಗಳು ಪರಳಿನ ಕಡೆಗೆ ಕಾಡಿನಂತೆ ಬೆಳೆದುವು. ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಬಂದ ಕೂಲಿಗಾರರು ಒಂದೊಂದು ಕೋಣೆಯ ಚಾಳುಗಳಲ್ಲಿ ತುಂಬಿದರು. ತೂರಿದ ನೆಲ ತಗ್ಗಿನ ನೆಲ. ಅಲ್ಲಿ ಕೊಳೆನೀರು ಹರಿದುಹೋಗದು. ೧೮೯೬ರ ಸೆಪ್ಟೆಂಬರಿನಲ್ಲಿ, ಹಡಗುಕಟ್ಟೆಗೂ ಧಾನ್ಯದ ಕೋಠಿಗಳಿಗೂ ಸಮೀಪವಾದ ಮಾಂಡವಿ ಕೇರಿಯ ಒಬ್ಬ ರೋಗಿಯ ಗಡ್ಡೆಯನ್ನು ನೋಡಿ ಡಾಕ್ಟರ್ ಅಕಾಸಿಯೊ ವೀಗಸರು ಇದು ಪ್ಲೇಗು ಎಂದರು. ಮೊದಲು ಅವರನ್ನು ನಂಬಿದವರು ಕಡಮೆ. ಬಹು ಬೇಗ ನಂಬಲೇಬೇಕಾಯಿತು. ಲಕ್ಷಾಂತರ ಜನರು ರೈಲು ಹಡಗುಗಳನ್ನು ಹತ್ತಿ ಓಡಿದರು. ಓಡಿದವರ ಜೊತೆಯಲ್ಲಿ ರೋಗವೂ ಓಡಿತು. ರಷ್ಯಾದಿಂದ ಬಂದಿದ್ದ ಹಾಫ್‌ಕಿನ್ ಎಂಬ ವಿಜ್ಞಾನಿಯು ೧೮೯೭ರ ಜನವರಿಯಲ್ಲಿ ತಾನು ಸಿದ್ಧಪಡಿಸಿದ ಚುಚ್ಚುಮದ್ದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳು ಬೇಗ ತುಂಬಿದುದು ಆ ಭೀತಿಯಿಂದ. ಒಂದು ಬಂದರಿನ ಇಲಿಯು ನಮ್ಮ ಬೆಂಗಳೂರಿನ ನಕ್ಷೆಯ ಮೇಲೆ ಗೆರೆ ಎಳೆಯಿತೆಂದರೂ ಸಲ್ಲುತ್ತದೆ.

ಪ್ಲೇಗಿನ ತರುವಾಯ ೧೮೯೮ರಲ್ಲಿ ನಗರ ಸುಧಾರಣೆಯ ಟ್ರಸ್ಟು ಹುಟ್ಟಿತು. ಅದು ಗಾಳಿಬೆಳಕಿಲ್ಲದ ಕೇರಿಗಳನ್ನು ಒಡೆದು ದೊಡ್ಡ ಬೀದಿಗಳನ್ನು ಮಾಡಿತು. ಒಡೆದ ಮನೆಗಳವರಿಗೆಲ್ಲ ಮನೆ ಕಟ್ಟಿಕೊಡಲಿಲ್ಲ. ೧೯೨೦ರ ದಶಕದಲ್ಲಿ ಸರಕಾರವು ಕಟ್ಟಿಸಿದ ೨೦೭ ಚಾಳುಗಳಲ್ಲಿ ಒಂದು ಸಂಸಾರಕ್ಕೆ ೧೬೦ ಚದರಡಿಯ ಒಂದು ಕೋಣೆ. ಗಿರಣಿಯಲ್ಲಿ ಪಾಳಿಯ ಕೆಲಸವಾದುದರಿಂದ ಒಬ್ಬನು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬನು ಮಲಗಬೇಕಾದ ಕೋಣೆಗಳೂ ಇದ್ದುವು. ೧೯೮೨ರ ಜನವರಿಯಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೂಲಿಗಾರರು ಕೆಲಸ ಬಿಟ್ಟು ಹೊರಬಂದರು; ಬಹುಮಂದಿ ಮತ್ತೆ ಒಳಗೆ ಹೋಗಲಿಲ್ಲ. ಆ ಗಿರಣಿಗಳ ಅಂಗಳದಲ್ಲಿ ಇಂದು ಗಾಜಿನ ಅಂಗಡಿಗಳು ನಿಂತಿವೆ.

ನಮ್ಮ ದಕ್ಷಿಣ ಕನ್ನಡದ ಹುಡುಗರು ಹಡಗು ಹತ್ತಿ ಆ ಊರಿಗೆ ಹೋದುದೂ ಹೊಟ್ಟೆಯ ಪಾಡಿಗಾಗಿಯೇ. ಅವರ ಕೂಡ ಮಂಗಳೂರಿನ ಹೆಂಚೂ ಹೋಯಿತು. ಎಷ್ಟೋ ಮನೆಗಳ ಮಾಡು ಅದರದೇ. ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆಯ ಮೇಲೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಪರಂಪರೆಯೇ ಅಲ್ಲುಂಟು. ೧೯೪೨ರಲ್ಲಿ ಮಾಟುಂಗದ ರೈಲುನಿಲ್ದಾಣದ ಬಳಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಊಟ ಇಂದಿಗೂ ಹೆಸರಾಗಿದೆ. ಗೋಪುರಗಳ ಪಟ್ಟಿಯಲ್ಲಿ ಇಂತಹ ಊಟದ ಮನೆಯನ್ನು ಸೇರಿಸುವುದಕ್ಕೆ ನನಗೇನೂ ಸಂಕೋಚವಿಲ್ಲ.

೧೯೪೪ನೆಯ ಏಪ್ರಿಲ್ ೧೪ರ ಮಧ್ಯಾಹ್ನ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ನಿಂತಿದ್ದಿತು. ಅದರ ಹೊಟ್ಟೆಯಲ್ಲಿ ಸುಮಾರು ೧,೪೦೦ ಟನ್ನು ಮದ್ದುಗುಂಡು. ಅದರ ಕೂಡ ಅರಳೆಯ ಅಂಡಿಗೆಗಳು, ಚಿನ್ನದ ಗಟ್ಟಿಗಳು. ಅರಳೆಯನ್ನೂ ಮದ್ದನ್ನೂ ಒಟ್ಟಿಗಿಡಬಾರದೆಂಬುದು ಮಕ್ಕಳಿಗೂ ತಿಳಿದ ಮಾತು. ಯುದ್ಧದ ಅವಸರಕ್ಕೆ ತಿಳಿಯಲಿಲ್ಲ. ನಾಲ್ಕು ಗಂಟೆ ದಾಟುತ್ತಲೂ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಮತ್ತೊಮ್ಮೆ ಸಿಡಿಯಿತು. ಬೆಂಕಿಯನ್ನಾರಿಸಲು ಹೋಗಿದ್ದವರೇ ಮೊದಲು ಸತ್ತರು. ಅವರ ನೆನಪಿಗಾಗಿ ಆ ದಿನವನ್ನು ದೇಶದ ಅಗ್ನಿಶಾಮಕದವರು ಇಂದಿಗೂ ಆಚರಿಸುತ್ತಾರೆ. ಸತ್ತವರ ಲೆಕ್ಕ ಸರಿಯಾಗಿ ಸಿಕ್ಕಲಿಲ್ಲ; ನೂರಾರು ಮಂದಿಯೆಂಬುದು ನಿಶ್ಚಯ. ಯುದ್ಧಕಾಲದ ಕಟ್ಟಳೆಯಿಂದ ನಮ್ಮ ಪತ್ರಿಕೆಗಳು ಇದನ್ನು ಬರೆಯುವಂತಿರಲಿಲ್ಲ. ಜಪಾನೀಯರ ವಶದಲ್ಲಿದ್ದ ಸೈಗಾನಿನ ರೇಡಿಯೋ ಮರುದಿನವೇ ಅದನ್ನು ಲೋಕಕ್ಕೆ ಸಾರಿತು.

ಅಪೋಲೊ ಬಂದರಿನ ತೂರಿದ ನೆಲದ ಮೇಲೆ, ೧೯೧೧ರಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯು ಬಂದಿಳಿದುದರ ಗುರುತಾಗಿ ‘ಗೇಟ್‌ವೇ ಆಫ್ ಇಂಡಿಯಾ’ ಎಂಬ ಹೆಬ್ಬಾಗಿಲು ಎದ್ದಿತು, ಮುಗಿದುದು ೧೯೨೪ರಲ್ಲಿ. ೧೯೪೮ನೆಯ ಫೆಬ್ರವರಿ ೨೮ರಂದು ಬ್ರಿಟಿಷರ ಕೊನೆಯ ಪಡೆ ಅದೇ ಬಾಗಿಲಿನಿಂದ ಹೊರಗೆ ನಡೆದು ಹಡಗನ್ನು ಹತ್ತಿತು. ಒಳಕ್ಕೆ ಬರಲೆಂದು ಕಟ್ಟಿದ ಬಾಗಿಲು ಹೊರಕ್ಕೆ ಹೋಗಲು ಒದಗಿತು.

ಇದಕ್ಕಿಂತ ಸ್ವಾರಸ್ಯವಾದುದು ಹಿಂಕೊಲ್ಲಿಯ ಸಂಗತಿ. ೧೯೨೦ರ ದಶಕದಲ್ಲಿ ಗವರ್ನರ್ ಲಾಯ್ಡನ ಉತ್ಸಾಹದಿಂದ ಆ ಕೊಲ್ಲಿಯನ್ನು ತೂರುವ ಕೆಲಸ ಮತ್ತೆ ಆರಂಭವಾಗಿ, ಹಣ ನೀರಿನಂತೆ ಹರಿಯಿತು. ಅದರಲ್ಲಿ ನಡೆದ ಅವ್ಯವಹಾರಗಳನ್ನು ಬಯಲಿಗೆಳೆದವರು ಖುರ್ಷೇದ್ ನರೀಮನ್ ಎಂಬ ಪಾರಸಿ ವಕೀಲರು. ಒಬ್ಬ ಎಂಜಿನಿಯರನು ಅವರ ಮೇಲೆ ಮಾನಹಾನಿಯ ಮೊಕದ್ದಮೆ ಹೂಡಿ ಸೋತನು. ಆ ಕಾರ್ಯದಿಂದ ದೊರೆತ ನೆಲದಲ್ಲಿಯೇ ಮೆರೈನ್ ಡ್ರೈವ್ ಎಂಬ ಸುಂದರವಾದ ಕಡಲಬೀದಿಯಾಯಿತು. ಸ್ವಾತಂತ್ರ್ಯಾನಂತರ ಅದರ ತುದಿಯಲ್ಲಿ ಮತ್ತಷ್ಟು ಕಡಲನ್ನು ತೂರಿ, ಬಂದ ನೆಲಕ್ಕೆ ನರೀಮನ್ ಪಾಯಿಂಟ್ ಎಂದು ಹೆಸರಿಟ್ಟರು. ಕಡಲು ತೂರುವವರ ಲೆಕ್ಕವನ್ನು ಕೇಳಿದವರಿಗೆ ಸಿಕ್ಕಿದ ಸ್ಮಾರಕ ಅದು!

ಕಡ ತಂದುದನ್ನು ಕಡಲು ಆಗಾಗ ಕೇಳುವುದೂ ಉಂಟು. ೨೦೦೫ನೆಯ ಜುಲೈ ೨೬ರಂದು ಒಂದೇ ದಿನದಲ್ಲಿ ಸಾಂತಾಕ್ರೂಜಿನಲ್ಲಿ ೯೪೪ ಮಿಲಿಮೀಟರು ಮಳೆ ಬಿದ್ದಿತು. ಉಬ್ಬರವೂ ಆಗಲೇ ಏರಿದುದರಿಂದ, ಎರಡು ದಡಗಳನ್ನೂ ಒತ್ತಿ ಇರುಕಾಗಿದ್ದ ಮೀಠಿ ಹೊಳೆಗೆ ಮಾಹೀಮಿನ ಅಳಿವೆಯಲ್ಲಿ ದಾರಿ ಸಿಕ್ಕಲಿಲ್ಲ. ಹಳೆಯ ಅಳಿವೆಗಳಿದ್ದ ತಗ್ಗುಗಳನ್ನೆಲ್ಲ ನೀರು ಹುಡುಕಿಕೊಂಡು ಹೋಗಿ ನಿಂತಿತು. ಊರಿನಲ್ಲಿ ನೂರಾರು ಮಂದಿ ಸತ್ತರು.

ತೂರುವ ಕೆಲಸ ಮಾತ್ರ ನಿಂತಿಲ್ಲ. ದೊಡ್ಡ ಹಡಗುಗಳ ವ್ಯಾಪಾರವು ೧೯೮೯ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿಗೆ ಬಹುಮಟ್ಟಿಗೆ ಸರಿದಿದೆ. ಪಶ್ಚಿಮದ ದಡದಲ್ಲಿ ಸುಮಾರು ೧೧೧ ಹೆಕ್ಟೇರು ಕಡಲನ್ನು ತೂರಿ, ಮೆರೈನ್ ಡ್ರೈವಿನ ಕಡೆಯಿಂದ ವರಳಿಯವರೆಗೆ ಹೊಸ ಕರಾವಳಿ ರಸ್ತೆಯನ್ನು ಮಾಡಿ, ೨೦೨೪ರ ಮಾರ್ಚಿನಿಂದ ಹಂತಹಂತವಾಗಿ ತೆರೆದರು. ವರಳಿಯ ಕೋಲಿವಾಡಾದ ಬೆಸ್ತರು ಇದಕ್ಕೆ ಅಡ್ಡ ನಿಂತರು. ಸೇತುವೆಯ ಕಂಬಗಳ ನಡುವೆ ೬೦ ಮೀಟರು ಮಾತ್ರ ಜಾಗವಿದ್ದರೆ ಸೆಳವಿನ ಹೊತ್ತಿನಲ್ಲಿ ದೋಣಿಗಳು ಕಂಬಕ್ಕೆ ಬಡಿದು ಒಡೆಯುವುವೆಂದು ಅವರು ಹೇಳಿದರು. ಎಂಜಿನಿಯರರು ಬಹುಕಾಲ ಒಪ್ಪಲಿಲ್ಲ. ಬೆಸ್ತರು ಕೆಲಸವನ್ನು ತಡೆದು ದೋಣಿಗಳೊಡನೆ ನೀರಿನಲ್ಲಿ ನಿಂತರು. ಕೊನೆಗೆ ನಡುವಿನ ಒಂದು ಕಂಬವನ್ನು ಕೈಬಿಟ್ಟು, ೧೨೦ ಮೀಟರು ನೀರನ್ನು ಅವರ ದೋಣಿಗಳಿಗೆ ಬಿಡುವುದೆಂದು ತೀರ್ಮಾನವಾಯಿತು.